ಹೊಗೆಸೊಪ್ಪಿನ ಹೊಲಕ್ಕೆ ಬಿದ್ದ ವಿಮಾನ

ಮೊನ್ನೆ ಪಿರಿಯಾಪಟ್ಟಣದಿಂದ ಬಸ್ಸಿನಲ್ಲಿ ಬರುತ್ತಿದ್ದಾಗ, ಯಾರದೋ ಬ್ಯಾರನ್ನಿನಲ್ಲಿ, ಸೊಪ್ಪು ಹದ ಮಾಡುವ ಆ ಬೆಂಕಿಮನೆಯಲ್ಲಿ, ಹೊಗೆಸೊಪ್ಪು ಬೇಯುತ್ತಿದ್ದ ವಾಸನೆ ಕಿಟಕಿಯಿಂದ ಒಳಗೆ ಬಂತು. ಪಕ್ಕದ ಮನೆಯ ಮಾವನ ನೆನಪಾಯಿತು. ಅವರ ಅಂಗಿ, ಟವೆಲ್ಲು, ಕೊನೆಗೆ ಅವರು ಕೊಟ್ಟ ಸೀಬೆಹಣ್ಣು ಕೂಡ ಇದೇ ವಾಸನೆ ಹೊಡೆಯುತ್ತಿತ್ತು...

ನಾನು ಮದುವೆಯಾಗಿ ಹುಣಸೂರಿನ ಹತ್ತಿರದ ಆ ಊರಿಗೆ ಬಂದ ವರ್ಷವೇ ಅವರ ಹೊಲದಲ್ಲಿ ವಿಮಾನ ಬಿತ್ತು. ಹಾರಾಟ ಕಲಿಯುವವರ ಪುಟ್ಟ ವಿಮಾನ. ಬೆಳಿಗ್ಗೆ ನಾವೆಲ್ಲ ಸೊಪ್ಪು ಮುರಿಯುತ್ತಿದ್ದೆವು. ಅದು ಮೂಗು ಎತ್ತಲಾಗದೆ ತೂಗಾಡುತ್ತ ಬಂದು, ಗಿಡಗಳ ಮೇಲೆ ಉಜ್ಜಿಕೊಂಡು ಹೋಗಿ ಬದುವಿಗೆ ಗುದ್ದಿ ನಿಂತಿತು. ಒಳಗೆ ಒಬ್ಬಳೇ ಹುಡುಗಿ. ಮಾವ ಅವಳನ್ನು ಎತ್ತಿ ಹೊರಗೆ ತಂದರು. ಕಾಲು ಮುರಿದಿತ್ತು.

"ಹಿಡಿ ಎಷ್ಟು ಎಳೆದ್ರೂ ಮೇಲೇಳ್ಲಿಲ್ಲ... ನಾನೇ ಏನೋ ತಪ್ಪು ಮಾಡಿದೀನಿ" ಎಂದು ಅದನ್ನೇ ಹೇಳುತ್ತಿದ್ದಳು.

ಅವಳನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ಮಾವ ವಿಮಾನವನ್ನು ಸುತ್ತುಹಾಕಿ ನೋಡಿದರು. ಒಡೆದ ಬಾಲದೊಳಗೆ ಒಂದು ಬೋಲ್ಟು ಕಳಚಿ ಬಿದ್ದಿತ್ತು. ಮುಟ್ಟದೆ, ನನ್ನನ್ನು ಕರೆದು ತೋರಿಸಿದರು.

"ನೋಡವ್ವ, ತುದೀಲಿ ತೂತದೆ. ಚಕ್ರ ಕಳಚ್ದಂಗೆ ಗಾಡಿ ಅಚ್ಚಿಗೆ ಕಡಾಣಿ ಆಕಂಗೆ ಇಲ್ಗೂ ಒಂದು ಪಿನ್ನು ಆಕ್ಬೇಕಿತ್ತು. ಆಕಿಲ್ಲ. ನಟ್ಟು ಬಿಚ್ಕಂಡದೆ. ಆ ಮಗೀದೇನು ತಪ್ಪು?"

ಬಾಲಕ್ಕೆ ತಮ್ಮ ಟಾರ್ಪಾಲು ಹೊದಿಸಿದರು.

ಮಧ್ಯಾಹ್ನ ತರಬೇತಿ ಕಂಪನಿಯವರು ಲಾರಿ ತಂದರು. ಹುಡುಗಿ ಗಾಬರಿಬಿದ್ದು ಕೆಡವಿದ್ದಾಳೆ, ನಿಮ್ಮ ಹೊಲ ಬೇಗ ಖಾಲಿ ಮಾಡಿಕೊಡುತ್ತೇವೆ ಎಂದರು. ಮಾವ ಬಾಲಕ್ಕೆ ಒರಗಿ ಕೂತುಬಿಟ್ಟರು.

"ತನಿಖೆಯೋರು ಬರ್ಲಿ ಸ್ವಾಮಿ. ಅವ್ರು ನೋಡಗಂಟ ಏನೂ ಅಲ್ಲಾಡಿಸ್ಬ್ಯಾಡಿ."

ಪೊಲೀಸರನ್ನು ಕರೆಸುತ್ತೇವೆ ಎಂದು ಕಂಪನಿಯವರು ಹೆದರಿಸಿದರು.

"ಕರೆಸಿ. ಒಳ್ಳೇದೇ ಆಯ್ತದೆ."

ಲಾರಿ ಖಾಲಿ ಹೋಯಿತು. ಮರುದಿನ ತನಿಖೆಯವರು ಬರುವವರೆಗೂ ಮಾವ ಅಲ್ಲಿಂದ ಏಳಲಿಲ್ಲ. ಇತ್ತ ಅವರ ಬ್ಯಾರನ್ನಿನ ಬೆಂಕಿ ನೋಡಿಕೊಳ್ಳುತ್ತೇನೆಂದು ಹೋದ ನಾನು ಹದ ತಪ್ಪಿಸಿದೆ. ಒಂದು ಬ್ಯಾರನ್ ಸೊಪ್ಪು ಪೂರ್ತಿ ಕಪ್ಪಾಯಿತು. ಮಾವ ಅದನ್ನು ಗೊಬ್ಬರದ ಗುಂಡಿಗೆ ಸುರಿದು ಬಂದು, ನನ್ನ ಕೈಗೆ ಒಂದು ಸೀಬೆಹಣ್ಣು ಕೊಟ್ಟರು.

ತಿಂಗಳುಗಳ ನಂತರ ಸುದ್ದಿ ಬಂತು. ರಿಪೇರಿ ಮಾಡಿದವರು ಹಿಡಿಯನ್ನು ಬಾಲಕ್ಕೆ ಜೋಡಿಸುವ ಬೋಲ್ಟಿಗೆ ಪಿನ್ನು ಹಾಕುವುದನ್ನೇ ಮರೆತಿದ್ದರಂತೆ. ಹುಡುಗಿಯ ತಪ್ಪಿಲ್ಲ ಎಂದು ಬರೆದಿದ್ದರಂತೆ. ಮಾವ ಕೇಳಿದ್ದು ಇಷ್ಟೇ: "ಆ ಮಗೀಗೆ ಗೊತ್ತಾಯ್ತಂತಾ?"

ಹೋದ ತಿಂಗಳು ಅವಳು ನಮ್ಮೂರಿಗೆ ಬಂದಿದ್ದಳು. ಸ್ವಲ್ಪ ಕುಂಟುತ್ತಾಳೆ. ಈಗ ಅವಳೇ ಬೇರೆಯವರಿಗೆ ವಿಮಾನ ಹಾರಿಸುವುದನ್ನು ಕಲಿಸುತ್ತಾಳಂತೆ. ಮಾವ ತೀರಿಕೊಂಡು ಎರಡು ವರ್ಷವಾಯಿತು ಎಂದು ನಾನೇ ಹೇಳಬೇಕಾಯಿತು.

"ಅವತ್ತು ನೋವಲ್ಲಿ ಅವರ ಹೆಸರೂ ಕೇಳ್ಲಿಲ್ಲ ಅಕ್ಕ" ಎಂದಳು.

ಹೇಳಿದೆ. ಅವಳು ತನ್ನಷ್ಟಕ್ಕೆ ಒಮ್ಮೆ ಹೇಳಿಕೊಂಡಳು. ಆ ಹೆಸರನ್ನು ಯಾರಾದರೂ ಬಾಯಿಬಿಟ್ಟು ಹೇಳಿ ಎಷ್ಟು ದಿನವಾಗಿತ್ತೋ...