ಬೆಂಡಿಗೇರಿ ಬಸ್ಸಿನ ಅಭ್ಯರ್ಥಿ

ಹಿರೇಬೆಂಡಿಗೇರಿಯ ಬಸವಣ್ಣೆಪ್ಪನ ಮಗಳು ಮಲ್ಲಿಕಾಳ ಬಾಯಿ ಸುಮ್ಮನಿರುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದ ಮಾತು. ಏಳನೇ ಇಯತ್ತೆಯಲ್ಲಿದ್ದಾಗ ಶಾಲೆ ನೋಡಲು ಬಂದಿದ್ದ ಸಾಹೇಬರೊಬ್ಬರು ಹೊರಡುವ ಮುಂಚೆ, ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದು ರೂಢಿಯಂತೆ ಕೇಳಿದರು. ಅಂಥ ಪ್ರಶ್ನೆಗೆ ಯಾರೂ ಬಾಯಿ ಬಿಡಬಾರದೆಂದು ಮಕ್ಕಳಿಗೆಲ್ಲ ತಿಳಿದಿತ್ತು. ಮಲ್ಲಿಕಾ ಎದ್ದು ನಿಂತು, "ನೀವು ಬರೋದಿದ್ದಾಗ ಅಷ್ಟ ಅಂಗಳಾ ಯಾಕ ಕಸಾ ಹೊಡಸ್ತಾರ್ರಿ ಸರ" ಎಂದುಬಿಟ್ಟಳು. ಸಾಹೇಬರು ನಕ್ಕರು, ಹೆಡ್ ಮಾಸ್ತರರು ನಗಲಿಲ್ಲ.

ಈಗ ಅವಳಿಗೆ ಇಪ್ಪತ್ತು. ಶಿಗ್ಗಾಂವದ ಒಂದು ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ. ಮುಂಜಾನೆ ಎಂಟರ ಬಸ್ಸಿಗೆ ಹೊರಡುತ್ತಾಳೆ. ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲ ಎಂದಾದ ಮೇಲೆ ಆ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸಂತೆಗೆ ಹೊರಟ ಫಕ್ಕೀರವ್ವನ ಮೆಂತ್ಯಪಲ್ಯದ ಬುಟ್ಟಿ ಮಲ್ಲಿಕಾಳ ತೊಡೆಯ ಮೇಲಿದ್ದರೆ, ಮಲ್ಲಿಕಾಳ ಬ್ಯಾಗು ಹಿಂದಿನ ಸೀಟಿನ ಇನ್ನಾರದೋ ಉಡಿಯಲ್ಲಿರುತ್ತದೆ. ಒಮ್ಮೆ ಗಂಡಸೊಬ್ಬ, ಪುಕ್ಕಟೆ ಬಸ್ಸು ಮಾಡಿ ನಮ್ಮನ್ನು ನಿಲ್ಲಿಸಿಬಿಟ್ಟರು ಎಂದು ಗೊಣಗಿದ. ಫಕ್ಕೀರವ್ವ ಎಲೆಯಡಿಕೆ ಮೆಲ್ಲುತ್ತಲೇ, "ಇಷ್ಟ ವರ್ಷ ನಾವ ನಿಂತಿದ್ವಿ, ನೀವ ಕುಂತಿದ್ರಿ. ಈಗ ಪಾಳಿ ಬದಲಾಗೇತಿ, ತಗೋರಿ" ಎಂದಳು. ಇಡೀ ಬಸ್ಸು ನಕ್ಕಿತು. ಗೊಣಗಿದವನೂ ನಕ್ಕ.

ಆ ವಾರದ ಟೆಸ್ಟಿನಲ್ಲಿ 'ಕಲ್ಯಾಣ ರಾಜ್ಯ ಎಂದರೇನು' ಎಂಬ ಪ್ರಶ್ನೆಗೆ ಮಲ್ಲಿಕಾ ಈ ಮಾತನ್ನೇ ಬರೆದಳು. ರಾಜ್ಯಶಾಸ್ತ್ರ ಕಲಿಸುವ ಚನ್ನೇಶ ಸರ್ ಆ ಉತ್ತರವನ್ನು ಕ್ಲಾಸಿನಲ್ಲಿ ಓದಿ ಹೇಳಿದರು. ಆಮೇಲೆ ಒಂದು ಅಂಕ ಕಡಿಮೆ ಕೊಟ್ಟಿರುವುದಾಗಿಯೂ ಹೇಳಿದರು. ಒಬ್ಬ ಪಂಡಿತನ ಹೆಸರೂ ಉತ್ತರದಲ್ಲಿಲ್ಲ ಎಂಬುದು ಅವರ ಕಾರಣ.

"ಫಕ್ಕೀರವ್ವನ ಹೆಸರ ಐತಲ್ರಿ ಸರ" ಎಂದಳು ಮಲ್ಲಿಕಾ.

ಚನ್ನೇಶ ಸರ್ ಅರ್ಧ ಅಂಕ ಮರಳಿ ಕೊಟ್ಟರು.

ಕಾಲೇಜಿನ ನಿಜವಾದ ರಾಜ್ಯಶಾಸ್ತ್ರದ ತರಗತಿ ನಡೆಯುತ್ತಿದ್ದುದು ಗೇಟಿನ ಹೊರಗೆ, ಬೇವಿನ ಮರದ ಕೆಳಗಿನ ಗಿರ್ಮಿಟ್ಟಿನ ಗಾಡಿಯ ಸುತ್ತ. ಚುರುಮರಿಗೆ ಉಳ್ಳಾಗಡ್ಡಿ ಕಲೆಸುವಷ್ಟರಲ್ಲಿ ಅಲ್ಲಿ ಎರಡು ಸರ್ಕಾರ ಬಿದ್ದು ಮೂರನೆಯದು ರಚನೆಯಾಗಿರುತ್ತಿತ್ತು. ಉಪಚುನಾವಣೆ ನಡೆದಾಗ ಮಂತ್ರಿಗಳ ಕಾರುಗಳು ಶಿಗ್ಗಾಂವದ ಬೀದಿಬೀದಿಗೂ ಬಂದಿದ್ದನ್ನು ನೋಡಿದ ಹುಡುಗರು ಅವರು. ಯಾವ ಮಂತ್ರಿಯ ಜೊತೆ ಯಾರು ಸೆಲ್ಫಿ ತೆಗೆಸಿಕೊಂಡರೆಂಬುದು ಈಗಲೂ ಅವರ ಫೋನುಗಳಲ್ಲಿದೆ. ಈ ಸಭೆಯ ದೊಡ್ಡ ಭಾಷಣಕಾರ ಮೈಲಾರಲಿಂಗ, ಸವಣೂರ ಕಡೆಯವನು. ಸದಾ ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಾತಿನ ನಡುವೆ ನಿಂತು ಗಲ್ಲ ತುರಿಸಿಕೊಳ್ಳುವ ಠೀವಿ. ಮಲ್ಲಿಕಾಳಿಗೆ ಅವನ ಅಭಿಪ್ರಾಯಗಳಲ್ಲಿ ಮುಕ್ಕಾಲುಪಾಲು ಒಪ್ಪಿಗೆಯಿರಲಿಲ್ಲ. ಆದರೂ ಅವನಿಲ್ಲದ ದಿನ ಗಿರ್ಮಿಟ್ಟಿಗೆ ಖಾರ ಕಡಿಮೆಯಾದಂತೆ ಅನಿಸುತ್ತಿತ್ತು.

ಸೆಪ್ಟೆಂಬರಿನ ಒಂದು ದಿನ ಮಲ್ಲಿಕಾ ಕ್ಲಾಸಿನಲ್ಲಿ ಕೈ ಎತ್ತಿದಳು. "ಸರ, ಪ್ರಜಾಪ್ರಭುತ್ವದ ಮ್ಯಾಲ ಮೂರ ವರ್ಷ ನೋಟ್ಸ್ ಬರದ್ವಿ. ನಮ್ಮ ಕಾಲೇಜಿನ ವಿದ್ಯಾರ್ಥಿ ಕಾರ್ಯದರ್ಶಿನ ಮಾತ್ರ ಮಾರ್ಕ್ಸ್ ನೋಡಿ ನೀವ ನೇಮಸ್ತೀರಿ. ನಾವು ಒಮ್ಮೆನೂ ಮತಾ ಹಾಕಿಲ್ಲ."

"ಇದೊಂದ ಮಾತ ನಾನೂ ಒಪ್ತೇನ್ರಿ ಸರ" ಎಂದು ಹಿಂದಿನ ಬೆಂಚಿನಿಂದ ಮೈಲಾರಲಿಂಗನ ದನಿ ಬಂತು.

ಚನ್ನೇಶ ಸರ್ ಆ ಮಾತನ್ನು ಅಲ್ಲಿಗೇ ಬಿಡಲಿಲ್ಲ. ಪ್ರಾಚಾರ್ಯ ಮೇಡಂ ಅವರನ್ನು ಕಂಡು, ರಾಜ್ಯಶಾಸ್ತ್ರ ವಿಭಾಗದ ಪ್ರಾಯೋಗಿಕ ಕೆಲಸವೆಂದು ಒಪ್ಪಿಸಿ, ಚುನಾವಣೆ ನಡೆಸಲು ಅನುಮತಿ ತಂದರು. ಮೇಡಂ ಅವರ ಷರತ್ತುಗಳಿದ್ದವು: ಅಬ್ಬರವಿಲ್ಲ, ಬ್ಯಾನರಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ, ಜಗಳವಾದರೆ ಅಂದೇ ರದ್ದು. ಮೈಲಾರಲಿಂಗ ಅರ್ಧ ಗಂಟೆಯಲ್ಲಿ ಅರ್ಜಿ ಕೊಟ್ಟ. ಮಲ್ಲಿಕಾ ಮೂರು ದಿನ ಯೋಚಿಸಿದಳು. ಪ್ರಶ್ನೆ ಕೇಳುವುದು ಸುಲಭ, ಜನರ ಮುಂದೆ ಹೋಗಿ ನನಗೆ ಮತ ಕೊಡಿ ಎನ್ನುವುದು ಬೇರೆ. ಕೊನೆಗೆ ಗೆಳತಿ ಚಾಂದಬಿಯೇ ಅರ್ಜಿ ತುಂಬಿ, ಅವಳ ಕೈಗೆ ಪೆನ್ನು ಕೊಟ್ಟು, "ಸಹಿ ಅಷ್ಟರ ನೀನ ಮಾಡವಾ" ಎಂದಳು.

ಚಾಂದಬಿಯೂ ಸವಣೂರಿನವಳೇ. ತಂದೆಯದು ಖಾರಾ, ಚೂಡಾದಂಥ ಕುರುಕಲು ಮಾರುವ ಅಂಗಡಿ. ಲೆಕ್ಕದಲ್ಲಿ ಗಟ್ಟಿಗಿತ್ತಿ. ಅಂದು ಮಧ್ಯಾಹ್ನ ಅಂಗಡಿಯಿಂದ ತಂದ ಖಾರಾ ಪೊಟ್ಟಣವನ್ನು ಬಿಚ್ಚಿಟ್ಟು, ಅದರ ಕಾಗದದ ಅಂಚಿನ ಮೇಲೆಯೇ ಚುನಾವಣೆಯ ಭವಿಷ್ಯ ಬರೆದಳು.

"ಇಲ್ಲಿ ಜಾತಿ ಆಮ್ಯಾಲ, ಊರ ಆಮ್ಯಾಲ. ಮೊದಲ ಬಸ್. ಸವಣೂರ ಬಸ್ಸಿನವರು ಎಪ್ಪತ್ತೆರಡ ಮಂದಿ. ಬಂಕಾಪುರದವರು ಐವತ್ತು. ಹಾನಗಲ್ ಕಡೆಯವರು ಮೂವತ್ತೆಂಟು. ಶಿಗ್ಗಾಂವದಾಗ ಮನಿ ಇದ್ದವರು ಎಂಬತ್ತು. ನಿನ್ನ ಬೆಂಡಿಗೇರಿ ಬಸ್ಸಿನಾಗ ಹತ್ತೊಂಬತ್ತು, ನಿನ್ನೂ ಹಿಡದು."

"ಹಂಗಾರ ಸೋತೆ ಅನ್ನು."

"ಸವಣೂರ ಬಸ್ಸಿನಾಗ ನಾನೂ ಅದೇನಿ" ಎಂದಳು ಚಾಂದಬಿ.

ದಿನಾ ಒಟ್ಟಿಗೆ ಜೋತುಬಿದ್ದು ಬರುವವರು ಒಟ್ಟಿಗೆ ಮತ ಹಾಕುತ್ತಾರೆ ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ. ಮಲ್ಲಿಕಾಳಿಗೆ ಅದು ನಿಜವೆನಿಸಿತು, ನಗುವೂ ಬಂತು. ವಿಧಾನಸಭೆಯ ಲೆಕ್ಕ ಹಾಕುವ ಟೀವಿಯವರೂ ಇದನ್ನೇ ಮಾಡುತ್ತಾರಲ್ಲ, ಬಸ್ಸಿನ ಜಾಗದಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡು, ಎಂದುಕೊಂಡಳು.

ಅವಳ ಅವ್ವ ಅನ್ನವ್ವ ಒಂದು ಅವಧಿಗೆ ಪಂಚಾಯ್ತಿ ಸದಸ್ಯೆಯಾಗಿದ್ದವಳು. ಮೊದಲ ಸಭೆಗೆ ಗಂಡ ಬಸವಣ್ಣೆಪ್ಪ ಬೈಕಿನ ಮೇಲೆ ಕರೆದುಕೊಂಡು ಹೋಗಿ, ಒಳಗೆ ತಾನೂ ಬರಲೇ ಎಂದು ಕೇಳಿದ್ದ. "ಮೆಂಬರ್ ನಾನೋ, ನೀನೋ" ಎಂದು ಕೇಳಿ ಅವಳು ಒಳಗೆ ಹೋದಳು. ಅವನು ಹೊರಗೆ ಕಟ್ಟೆಯ ಮೇಲೆ ಕುಳಿತು ಎರಡು ಸಲ ಚಹಾ ಕುಡಿದು, ಸಭೆ ಮುಗಿಯುವವರೆಗೂ ಕಾಯ್ದ. ಬಸವಣ್ಣೆಪ್ಪ ಈ ಕತೆಯನ್ನು ಇಂದಿಗೂ ಹೆಮ್ಮೆಯಿಂದ ಹೇಳುತ್ತಾನೆ. ಪ್ರತಿ ಸಲವೂ ಚಹಾದ ಲೆಕ್ಕ ಒಂದೊಂದು ಏರುತ್ತದೆ.

ಸಂಜೆ ಅನ್ನವ್ವ ರೊಟ್ಟಿ ಬಡಿಯುತ್ತಿದ್ದಾಗ ಮಲ್ಲಿಕಾ ಪಕ್ಕದಲ್ಲಿ ಕುಳಿತು ಕೇಳಿದಳು. "ಅವ್ವಾ, ನೀ ಮತಾ ಹೆಂಗ ಕೇಳಿದ್ದಿ?"

"ನಾ ಎಲ್ಲಿ ಕೇಳೇನಿ. ಮನಿಮನಿಗೆ ಹೋಗಿ ಕುಂತೆ. ನಿಮ್ಮ ಓಣ್ಯಾಗ ನೀರ ಯಾವಾಗ ಬರ್ತೈತಿ ಅಂದೆ. ಅವರು ಹೇಳ್ಕೋತ ಕುಂತ್ರು, ನಾ ಕೇಳ್ಕೋತ ಕುಂತೆ. ಎದ್ದ ಬರೂ ಮುಂದ ಅವರ ಅಂದ್ರು, ಅನ್ನವ್ವ, ನಿನಗ ಹಾಕ್ತೇವಿ ಹೋಗು ಅಂತ."

"ಅಷ್ಟನಾ?"

"ಅಷ್ಟು ಮಾಡೂದ ಭಾಳ ತ್ರಾಸ ಐತಿ. ನಿನ್ನ ಬಾಯಿ ಮುಚ್ಚಿ ಕುಂದ್ರಬೇಕು. ನಿನಗ ಆಕ್ಕೈತೇನು?"

ಅದು ಆಗುವ ಮಾತಲ್ಲ ಎಂದು ಒಳಗಿನಿಂದ ಅಪ್ಪ ನಕ್ಕಿದ್ದು ಕೇಳಿಸಿತು.

ಮರುದಿನದಿಂದ ಮಲ್ಲಿಕಾ ಒಂದು ನೂರು ಪುಟದ ನೋಟುಬುಕ್ಕು ಹಿಡಿದು ಕಾಲೇಜು ಸುತ್ತತೊಡಗಿದಳು. ಮೈಲಾರಲಿಂಗ ಬೇವಿನ ಮರದ ಕೆಳಗೆ ನಿಂತು ಜಿಮ್, ಉಚಿತ ವೈಫೈ, ಗೋವಾ ಟ್ರಿಪ್ಪು ಎಂದು ಭರವಸೆ ಕೊಡುತ್ತಿದ್ದರೆ, ಅವಳು ಒಬ್ಬೊಬ್ಬರ ಬಳಿ ಕುಳಿತು ಏನು ಬೇಕೆಂದು ಕೇಳುತ್ತಿದ್ದಳು. ಮೊದಲ ಎರಡು ದಿನ ಬಾಯಿ ಮುಚ್ಚಿ ಕೂಡ್ರುವುದು ಹಲ್ಲುನೋವಿನಷ್ಟು ಕಷ್ಟವಾಯಿತು. ಮೂರನೆಯ ದಿನ ರುಚಿ ಹತ್ತಿತು. ಕುಡಿಯುವ ನೀರಿನ ಟಾಕಿ, ಹೆಣ್ಣುಮಕ್ಕಳ ಕೋಣೆಗೆ ಒಂದು ಕನ್ನಡಿ, ಎರಡನೇ ಮಹಡಿಯ ಫ್ಯಾನು. ಒಬ್ಬ ಹುಡುಗ ಗುಟ್ಟಾಗಿ, ತಾನು ಬಯಲಾಟದಲ್ಲಿ ಪಾರ್ಟು ಮಾಡುತ್ತೇನೆಂದೂ ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ಸಿನಿಮಾ ಕುಣಿತದ ನಡುವೆ ತನಗೊಂದು ಹದಿನೈದು ನಿಮಿಷ ಬೇಕೆಂದೂ ಬರೆಸಿದ.

ಹೊಸದಾಗಿ ಸೇರಿದ ನಾಗರತ್ನಾ ಎಂಬವಳು ತಿಳವಳ್ಳಿಯಿಂದ ಹಾನಗಲ್ಲಿಗೆ, ಅಲ್ಲಿಂದ ಶಿಗ್ಗಾಂವಕ್ಕೆ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಯಾರೊಡನೆಯೂ ಮಾತಿಲ್ಲ. ಮಲ್ಲಿಕಾ ಕೇಳಿದಾಗ, "ನನಗ ಏನೂ ಬ್ಯಾಡ್ರಿ ಅಕ್ಕಾರ" ಎಂದಳು. ಮಲ್ಲಿಕಾ ಎದ್ದು ಹೋಗಲಿಲ್ಲ, ಸುಮ್ಮನೆ ಕುಳಿತಳು. ಸ್ವಲ್ಪ ಹೊತ್ತಾದ ಮೇಲೆ ನಾಗರತ್ನಾಳೇ ಬಾಯಿ ಬಿಟ್ಟಳು.

"ಕ್ಲಾಸ್ ಒಂದೂವರಿಗೆ ಮುಗಿತಾವ್ರಿ. ನನ್ನ ಬಸ್ ಇರೋದು ನಾಕೂವರಿಗೆ. ಅಷ್ಟೊತ್ತನಕ ಎಲ್ಲಿ ಕುಂದ್ರಬೇಕ ತಿಳಿಯಂಗಿಲ್ಲ. ಬಸ್‌ಸ್ಟ್ಯಾಂಡಿನ್ಯಾಗ ಕುಂತ್ರ ಎಲ್ಲಾರೂ ನೋಡ್ತಾರ. ಲೈಬ್ರರಿ ಎರಡಕ್ಕ ಬಂದ್ ಆಕ್ಕೈತಿ."

ಮಲ್ಲಿಕಾ ಅದನ್ನು ಬರೆದುಕೊಂಡು ಸೀದಾ ಲೈಬ್ರರಿಗೆ ಹೋದಳು. ಅದನ್ನು ನೋಡಿಕೊಳ್ಳುವ ರಫೀಕ ಅವರು ಬೀಗ ಹಾಕುತ್ತಿದ್ದರು.

"ಯಾಕ್ರಿ ಅಣ್ಣಾರ, ಎರಡಕ್ಕ ಮುಚ್ಚತೀರಿ?"

"ಯಾರೂ ಬರಂಗಿಲ್ಲವಾ, ಅದಕ್ಕ ಮುಚ್ಚತೇನಿ."

"ಮುಚ್ಚಿರತೈತಿ ಅಂತನ ಯಾರೂ ಬರಂಗಿಲ್ರಿ."

ರಫೀಕ ಬೀಗದಿಂದ ಕೈ ತೆಗೆದು ಅವಳತ್ತ ತಿರುಗಿದರು. ಹನ್ನೆರಡು ವರ್ಷದಿಂದ ಇದನ್ನು ತಮಗೆ ಯಾರೂ ಹೇಳಿರಲಿಲ್ಲ ಎಂದರು.

ಮತದಾನದ ದಿನ ಕಾಲೇಜು ಹಬ್ಬದ ಮನೆಯಂತಿತ್ತು. ಹಳೆಯ ರಟ್ಟಿನ ಡಬ್ಬಿಗೆ ಕಾಗದ ಅಂಟಿಸಿ ಮತಪೆಟ್ಟಿಗೆ ಮಾಡಿದ್ದರು. ಚನ್ನೇಶ ಸರ್ ಎಡಗೈ ಬೆರಳಿಗೆ ಮಾರ್ಕರ್ ಪೆನ್ನಿನಿಂದ ಗುರುತು ಹಾಕುತ್ತಿದ್ದರು. ಇನ್ನೂ ಹದಿನೆಂಟು ತುಂಬದ ಹೊಸಬರು ಆ ಗುರುತು ಅಳಿಸದಂತೆ ಕೈ ಮೇಲೆತ್ತಿಕೊಂಡು ಓಡಾಡಿದರು. ತನ್ನ ಹೆಸರಿನ ಮುಂದೆ ತಾನೇ ಗುರುತು ಹಾಕುವಾಗ ಮಲ್ಲಿಕಾಳಿಗೆ ನಾಚಿಕೆಯಾಯಿತು. ಇದು ಸರಿಯೇ ಎಂದು ಒಂದು ಗಳಿಗೆ ನಿಂತಳು. ಮಂತ್ರಿಗಳೂ ಹೀಗೇ ನಾಚಿಕೊಳ್ಳುತ್ತಾರೋ ಏನೋ ಎಂದುಕೊಂಡು ಚೀಟಿ ಮಡಚಿದಳು.

ಮೂರು ಗಂಟೆಗೆ ಎಣಿಕೆ ಮುಗಿಯಿತು. ಮೈಲಾರಲಿಂಗನಿಗೆ ನೂರಾ ಮೂವತ್ತೊಂದು, ಮಲ್ಲಿಕಾಳಿಗೆ ನೂರಾ ಇಪ್ಪತ್ತನಾಲ್ಕು. ಏಳು ಮತದಿಂದ ಸೋತಿದ್ದಳು.

ಚಾಂದಬಿ ಗೋಡೆಗೆ ಮುಖ ಮಾಡಿ ಅತ್ತಳು. ಮಲ್ಲಿಕಾಳಿಗೂ ಬೇಜಾರಾಗಿತ್ತು. ಆದರೆ ಮರಳಿ ಹೋಗುವಾಗ ಬಸ್ಸಿನಲ್ಲಿ ತನ್ನೂರಿನ ಇಬ್ಬರು ಹುಡುಗರು ತಲೆ ತಗ್ಗಿಸಿ, "ಅಕ್ಕಾ, ನಾವ ಗೋವಾ ಟ್ರಿಪ್ಪಿಗೆ ಮನಸು ಮಾಡಿಬಿಟ್ವಿ" ಎಂದು ಒಪ್ಪಿಕೊಂಡಾಗ ಅವಳಿಗೆ ಸಿಟ್ಟಿಗಿಂತ ನಗು ಮೊದಲು ಬಂತು. ಅತ್ತ ಸವಣೂರ ಬಸ್ಸಿನ ಹೆಣ್ಣುಮಕ್ಕಳು ಬಹುತೇಕ ಅವಳಿಗೇ ಹಾಕಿದ್ದರೆಂದು ಆಮೇಲೆ ತಿಳಿಯಿತು. ಚಾಂದಬಿಯ ಲೆಕ್ಕವೆಲ್ಲ ತಲೆಕೆಳಗಾಗಿತ್ತು. ಅವರವರ ಬಸ್ಸು ಯಾವುದೇ ಇರಲಿ, ಚೀಟಿಯ ಮುಂದೆ ನಿಂತಾಗ ಒಬ್ಬೊಬ್ಬರೂ ತಮ್ಮ ಮನಸ್ಸಿನಂತೆಯೇ ಮಾಡಿದ್ದರು. ಸೋತಿದ್ದಕ್ಕಿಂತ ಇದು ಮಲ್ಲಿಕಾಳಿಗೆ ದೊಡ್ಡ ಸುದ್ದಿಯಾಗಿ ಕಂಡಿತು. ಮನೆ ಮುಟ್ಟುವಷ್ಟರಲ್ಲಿ ಅವಳ ಮನಸ್ಸು ಹಗುರಾಗಿತ್ತು.

ಮೂರನೆಯ ದಿನ ಮೈಲಾರಲಿಂಗ ಅವಳನ್ನು ಹುಡುಕಿಕೊಂಡು ಬಂದ. ಬಿಳಿ ಅಂಗಿಗೆ ಅಂದು ಇಸ್ತ್ರಿಯಿರಲಿಲ್ಲ.

"ಮೇಡಂ ಅವರು ಬೇಡಿಕೆ ಏನ ಅದಾವ ಬರಕೊಡು ಅಂದ್ರು. ಜಿಮ್, ವೈಫೈ, ಗೋವಾ ಅಂತ ಬರಕೊಟ್ಟೆ. ಓದಿ ನಕ್ಕು ನನ್ನ ಕೈಯಾಗ ವಾಪಸ್ ಇಟ್ರು. ಹುಡುಗರಿಗೆ ಖರೇನ ಏನ ಬೇಕು ಕೇಳ್ಕೊಂಡ ಬಾ ಅಂದ್ರು." ಅವನು ಗಲ್ಲ ತುರಿಸಿಕೊಂಡ. "ನಿನ್ನ ನೋಟ್‌ಬುಕ್ ಐತಲ್ಲ."

ಕೊಡಬಾರದು ಎಂದು ಮೊದಲು ಅನಿಸಿತು. ಹದಿನೈದು ದಿನ ಬಾಯಿ ಮುಚ್ಚಿ ಸಂಪಾದಿಸಿದ್ದು ಅದು. ಕೊಟ್ಟರೆ ಹೆಸರು ಅವನದಾಗುತ್ತದೆ. ಕೊಡದಿದ್ದರೆ ನಾಗರತ್ನಾ ಮುಂದಿನ ವರ್ಷವೂ ಮಧ್ಯಾಹ್ನವೆಲ್ಲ ಬಸ್‌ಸ್ಟ್ಯಾಂಡಿನಲ್ಲೇ ಕೂಡ್ರುತ್ತಾಳೆ.

"ಕೊಡ್ತೇನಿ. ಆದ್ರ ಮೇಡಂ ರೂಮಿಗೆ ನಾನೂ ಬರ್ತೇನಿ."

"ಏನಾಗಿ ಬರ್ತಿ?"

"ವಿರೋಧ ಪಕ್ಷದ ನಾಯಕಿ ಆಗಿ."

ಮೈಲಾರಲಿಂಗ ಜೋರಾಗಿ ನಕ್ಕ. ಅದು ಸೋಲಿಸಿದವನ ನಗುವಾಗಿರಲಿಲ್ಲ, ಭಾರ ಇಳಿದವನ ನಗು.

ಪ್ರಾಚಾರ್ಯ ಮೇಡಂ ಮುಂದೆ ಅವನು ನೋಟುಬುಕ್ಕು ಹಿಡಿದು ಭಾಷಣದ ಧಾಟಿಯಲ್ಲೇ ಓದಿದ. ಅವನು ಎಲ್ಲಿ ಉಬ್ಬಿಸಿದನೋ ಅಲ್ಲಿ ಮಲ್ಲಿಕಾ ತಡೆದು, "ಐವತ್ತ ಮಂದಿ ಅಲ್ರಿ ಮೇಡಂ, ಹನ್ನೊಂದ ಮಂದಿ" ಎಂದು ತಿದ್ದಿದಳು. ಮೇಡಂ ಅವರಿಗೆ ಈ ತಿದ್ದುವಿಕೆಯೇ ನಂಬಿಕೆ ಹುಟ್ಟಿಸಿತು. ಫ್ಯಾನು, ಕನ್ನಡಿ ಕೂಡಲೇ ಆಗುತ್ತವೆ ಎಂದರು. ಲೈಬ್ರರಿಗೆ ಇರುವುದು ಒಬ್ಬರೇ, ನಾಲ್ಕೂವರೆಯವರೆಗೆ ಹೇಗೆ ತೆರೆದಿಡುವುದು ಎಂದು ರಫೀಕ ಅವರನ್ನೇ ಕರೆಸಿ ಕೇಳಿದರು.

"ನಾ ಇರ್ತೇನ್ರಿ" ಎಂದರು ರಫೀಕ. "ಪುಸ್ತಕ ಎತ್ತಿಡಾಕ ದಿನಾ ನಾಕ ಮಂದಿ ಕೈ ಜೋಡಿಸಿದ್ರ ಸಾಕು. ನನಗೂ ಖಾಲಿ ಖೋಲಿ ಕಾದು ಕಾದು ಬ್ಯಾಸರಾಗೇತಿ."

ಪಾಳಿಯ ಪಟ್ಟಿಯನ್ನು ಅಲ್ಲಿಯೇ ನಿಂತು ಮಾಡಿದರು. ಸೋಮವಾರ ಸವಣೂರಿನವರು, ಮಂಗಳವಾರ ಬಂಕಾಪುರದವರು ಎಂದು ಮೈಲಾರಲಿಂಗ ಹೇಳುತ್ತ ಹೋದ, ಮಲ್ಲಿಕಾ ಬರೆದಳು.

ಈಗ ಮಧ್ಯಾಹ್ನ ಎರಡಾದರೆ ಆ ಕೋಣೆಯಲ್ಲಿ ಕುರ್ಚಿ ಸಿಗುವುದಿಲ್ಲ. ಬರುವುದು ಒಂದೇ ಪತ್ರಿಕೆಯಾದ್ದರಿಂದ ಹಾಳೆ ಬಿಡಿಸಿ ಆರು ಮಂದಿ ಹಂಚಿಕೊಳ್ಳುತ್ತಾರೆ. ಕ್ರೀಡಾಪುಟಕ್ಕೆ ಜಗಳ, ಸಂಪಾದಕೀಯಕ್ಕೆ ಜಗಳವಿಲ್ಲ. ಮಲ್ಲಿಕಾ ಅಲ್ಲಿಯೇ ಕುಳಿತು ಧಾರವಾಡದಲ್ಲಿ ಎಂ.ಎ. ಮಾಡಲು ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾಳೆ. ಓದುವುದಕ್ಕಿಂತ ಕಿವಿ ಕೊಡುವುದೇ ಹೆಚ್ಚು.

ಮೊನ್ನೆ ಶಾಸನಸಭೆಗಳಲ್ಲಿ ಮಹಿಳಾ ಮೀಸಲಾತಿ ಯಾವಾಗ ಜಾರಿಯಾಗುತ್ತದೆಂಬ ಸುದ್ದಿಯ ಮೇಲೆ ಮೈಲಾರಲಿಂಗ ತನ್ನ ಅಭಿಪ್ರಾಯ ಮಂಡಿಸುತ್ತಿದ್ದ. ಮೂಲೆಯಲ್ಲಿದ್ದ ನಾಗರತ್ನಾ ತಲೆಯೆತ್ತಿ, "ಅದು ಹಂಗಲ್ರಿ. ಪೂರ್ತಿ ಓದ್ರಿ, ಕೆಳಗ ಇನ್ನೂ ಎರಡ ಸಾಲ ಅದಾವ" ಎಂದಳು. ಇಡೀ ಕೋಣೆ ಅತ್ತ ತಿರುಗಿತು. ಅವಳು ಕೆಂಪಾದಳು, ಆದರೆ ತಲೆ ತಗ್ಗಿಸಲಿಲ್ಲ. ಎದ್ದು ಬಂದು ಹಾಳೆಯ ಮೇಲೆ ಬೆರಳಿಟ್ಟು ಆ ಎರಡು ಸಾಲನ್ನು ತಾನೇ ಗಟ್ಟಿಯಾಗಿ ಓದಿದಳು. ರಫೀಕ ಅವರು ಸದ್ದು ಮಾಡಬೇಡಿ ಎನ್ನಲು ಬಾಯಿ ತೆರೆದವರು, ಅವಳು ಓದಿ ಮುಗಿಸುವವರೆಗೆ ಸುಮ್ಮನೆ ಕೇಳುತ್ತ ನಿಂತರು.