ಡ್ರಿಲ್ ಮೇಡಂ ಮತ್ತು ಐದು ಗಂಟೆಯ ಆಕಾಶ

ಮೊನ್ನೆ ಅಟ್ಟ ಸ್ವಚ್ಛ ಮಾಡುವಾಗ ಹಳೆಯ ನೀರಿನ ಬಾಟಲಿಯೊಂದು ಸಿಕ್ಕಿತು. ಮುಚ್ಚಳಕ್ಕೆ ತೂತು ಕೊರೆದು ಉದ್ದನೆಯ ರಬ್ಬರ್ ಕೊಳವೆ ಸಿಕ್ಕಿಸಿದ ಬಾಟಲಿ. ತೆಗೆದು ಮೂಗಿನ ಹತ್ತಿರ ಹಿಡಿದೆ. ಎಷ್ಟು ತೊಳೆದರೂ ಹೋಗದ ನಿಂಬೆಹಣ್ಣಿನ ವಾಸನೆ, ಅದರ ಜೊತೆಗೆ ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ... ಏಣಿಯ ಮೇಲೇ ಕೂತುಬಿಟ್ಟೆ. ನಮ್ಮ ಡ್ರಿಲ್ ಮೇಡಂ ನೆನಪಾದರು.

ಬನ್ನಿಮಂಟಪದ ನಮ್ಮ ಬೀದಿಯಲ್ಲಿ ಅವರದು ಎದುರುಮನೆ. ನಾನು ಓದಿದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಕಲಿಸುತ್ತಿದ್ದವರೂ ಅವರೇ. ಹಿನಕಲ್ ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ ಅಲ್ಲಿಯ ಒಕ್ಕಲು ಮನೆಯಲ್ಲಿ ಹುಟ್ಟಿದವರು. ಆ ಗಂಟಲಿಗೆ ಮೈಕ್ ಬೇಕಿರಲಿಲ್ಲ. ಅವರು 'ಸಾವಧಾನ್' ಅಂದರೆ ಆಚೆ ಬೀದಿಯಲ್ಲಿ ಸೈಕಲ್ ಹೊಡೆಯುವವರೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು ಎಂದು ನಾವು ಆಡಿಕೊಳ್ಳುತ್ತಿದ್ದೆವು. ನಮ್ಮ ಶಾಲೆಯ ಶೌಚಾಲಯಕ್ಕೆ ಚಿಲಕ ಇರಲಿಲ್ಲ. ಹಾಗಾಗಿ ಹುಡುಗಿಯರೆಲ್ಲ ಬೆಳಗ್ಗೆ ಮನೆ ಬಿಟ್ಟರೆ ಸಂಜೆಯವರೆಗೆ ಒಂದು ಗುಟುಕು ನೀರು ಮುಟ್ಟುತ್ತಿರಲಿಲ್ಲ. ಬಿಸಿಲಲ್ಲಿ ಡ್ರಿಲ್ ಮಾಡುವಾಗ ಒಬ್ಬೊಬ್ಬರಾಗಿ ತಲೆ ಸುತ್ತಿ ಬೀಳುತ್ತಿದ್ದೆವು. ಮೇಡಂ ಚಿಲಕವನ್ನೇನೋ ಹಾಕಿಸಿದರು, ಆದರೆ ನೀರು ಕುಡಿಯದ ಅಭ್ಯಾಸ ನಮ್ಮನ್ನು ಬಿಡಲಿಲ್ಲ. ಅದು ನನ್ನ ಜೊತೆ ಕಾಲೇಜಿಗೆ ಬಂತು, ಆಫೀಸಿಗೆ ಬಂತು, ಕೊನೆಗೆ ಆಕಾಶಕ್ಕೂ ಬಂತು.

ಕೆಲಸಕ್ಕೆ ಸೇರಿದ ಮೇಲೆ ನಾನು ಊರಾಚೆಯ ಗ್ಲೈಡರ್ ಕ್ಲಬ್ಬಿಗೆ ಸೇರಿದ್ದೆ. ಗ್ಲೈಡರ್ ಎಂದರೆ ಎಂಜಿನ್ ಇಲ್ಲದ ವಿಮಾನ. ಹಗ್ಗ ಕಟ್ಟಿ ಎಳೆದು ಮೇಲಕ್ಕೆ ಬಿಡುತ್ತಾರೆ; ಆಮೇಲೆ ನೆಲದಿಂದ ಏಳುವ ಬಿಸಿಗಾಳಿ ಹುಡುಕಿಕೊಂಡು, ಹದ್ದಿನ ಹಾಗೆ ಸುತ್ತು ಹಾಕುತ್ತ ತೇಲಬೇಕು. ಅಲ್ಲಿ ಒಂದು ದೊಡ್ಡ ಪರೀಕ್ಷೆ ಇತ್ತು. ಐದು ಗಂಟೆ ಕೆಳಗಿಳಿಯದೆ ಹಾರಬೇಕು. ಅದಾದರೆ ಮಾತ್ರ ಮೈದಾನ ಬಿಟ್ಟು ದೂರದ ಊರುಗಳಿಗೆ ಒಬ್ಬಳೇ ಹಾರಲು ಬಿಡುತ್ತಿದ್ದರು. ಕ್ಲಬ್ಬಿನಲ್ಲಿ ನಾನೊಬ್ಬಳೇ ಹೆಂಗಸು. ಅಷ್ಟು ಹೊತ್ತಿನಲ್ಲಿ ಅವಸರವಾದರೆ ಗಂಡಸರು ಮೇಲೆ ಏನು ಮಾಡುತ್ತಿದ್ದರೋ ಅವರಿಗೇ ಗೊತ್ತು. ಏನೋ ಚೀಲ, ಏನೋ ಟ್ಯೂಬು ಎಂದು ತಮ್ಮತಮ್ಮಲ್ಲೇ ನಗುತ್ತಿದ್ದರು. ನಾನು ಹತ್ತಿರ ಹೋದರೆ ಮಾತು ಹವಾಮಾನಕ್ಕೆ ತಿರುಗುತ್ತಿತ್ತು. ಕಲಿಸುತ್ತಿದ್ದ ಸಾರ್ ಒಳ್ಳೆಯವರು, ಆದರೆ ಮಹಾ ಸಂಕೋಚದ ಮನುಷ್ಯ. "ನಿಮ್ದು... ಎಲ್ಲಾ ರೆಡಿ ತಾನೇನಮ್ಮ?" ಎಂದು ನೆಲ ನೋಡಿಕೊಂಡು ಕೇಳಿದರು. "ರೆಡಿ ಸಾರ್" ಎಂದು ನಾನೂ ನೆಲ ನೋಡಿಕೊಂಡೇ ಹೇಳಿದೆ.

ನನ್ನ ಸಿದ್ಧತೆ ಏನೆಂದರೆ ಹಿಂದಿನ ರಾತ್ರಿಯಿಂದ ನೀರು ಬಿಟ್ಟದ್ದು!

ಏಪ್ರಿಲ್ ಬಿಸಿಲು. ತಲೆಯ ಮೇಲೆ ಗ್ಲೈಡರಿನ ಗಾಜಿನಂಥ ಮುಚ್ಚಳ. ಮೂರನೆಯ ಗಂಟೆಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು, ತಲೆ ಸಿಡಿಯತೊಡಗಿತು. ಕೆಳಗೆ ಮೈದಾನ ಎರಡೆರಡಾಗಿ ಕಾಣಿಸಿತು. ಹೇಗೋ ಇಳಿದೆ, ಗ್ಲೈಡರ್ ಕುಕ್ಕರಿಸಿದ ರಭಸಕ್ಕೆ ಸಾರ್ ಮುಖ ಬಿಳಿಚಿಕೊಂಡಿತ್ತು. ಹಿರಿಯ ಸದಸ್ಯರೊಬ್ಬರು, "ಹೆಣ್ಮಕ್ಳಿಗೆ ಈ ಲಾಂಗ್ ಫ್ಲೈಟೆಲ್ಲ ಆಗಲ್ಲ ಬುಡಿ ಸಾರ್" ಎಂದರು. ನನಗೆ ಕೇಳಿಸಲಿ ಎಂದೇ ಹೇಳಿದ ಮಾತು. ಇನ್ನು ಉಳಿದಿದ್ದದ್ದು ಒಂದೇ ಭಾನುವಾರ. ಆಮೇಲೆ ಗ್ಲೈಡರ್ ರಿಪೇರಿಗೆ ಹೋಗುತ್ತಿತ್ತು, ಮಳೆ ಹಿಡಿಯುತ್ತಿತ್ತು. ಅಷ್ಟರಲ್ಲಿ ಆಗದಿದ್ದರೆ ಆ ಮಾತೇ ಕ್ಲಬ್ಬಿನ ಕಾಯಂ ಕಾನೂನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಸಂಜೆ ಗೇಟಿನ ಹತ್ತಿರ ನನ್ನ ಮುಖ ನೋಡಿ ಮೇಡಂ ವಿಷಯ ಬಾಯಿಬಿಡಿಸಿದರು. ಕೇಳಿದ್ದೇ ತಡ, ಬೀದಿಗೆಲ್ಲ ಕೇಳಿಸುವ ಹಾಗೆ ಶುರುವಾಯಿತು.

"ಉಚ್ಚೆ ಬತ್ತದೆ ಅಂತ ನೀರು ಬುಟ್ಟಿದ್ಯೇನೇ? ಅಷ್ಟೆತ್ತರದಲ್ಲಿ ತಲೆ ತಿರುಗಿ ಬಿದ್ದಿದ್ರೆ ಯಾರು ಹಿಡ್ಕೋತಿದ್ರು, ನಿಮ್ ಸಾರಾ?"

"ಮೆಲ್ಲಗೆ ಮೇಡಂ, ಪಕ್ಕದ ಮನೆಯವರು..."

"ಅವರಿಗೆ ಬರಲ್ವಾ ಉಚ್ಚೆ? ಬಾ ಒಳಕ್ಕೆ."

ಮರುದಿನವೇ ಮೆಡಿಕಲ್ ಶಾಪಿಗೆ ಹೋಗಿ ದೊಡ್ಡವರು ಹಾಕುವ ಡೈಪರ್ ತಂದರು. ಅಂಗಡಿಯವನು ಪೇಪರಿನಲ್ಲಿ ಸುತ್ತಲು ಹೋದರೆ, "ಕದ್ದ ಮಾಲೇನಯ್ಯಾ ಇದು?" ಎಂದು ಹಾಗೇ ಕಂಕುಳಲ್ಲಿ ಹಿಡಿದು ಬಂದರಂತೆ. ಕೂತಲ್ಲೇ ಹೀರಿ ಕುಡಿಯಲೆಂದು ಬಾಟಲಿಗೆ ಕೊಳವೆ ಸಿಕ್ಕಿಸಿದವರೂ ಅವರೇ. ಹಾರುವ ದಿನ ಕಾಫಿ ಬಂದ್. ಮಜ್ಜಿಗೆ ಬಿಸಿಲಿಗೆ ಹುಳಿಯುತ್ತದೆ, ಬೇಡ. ನಿಂಬೆಹಣ್ಣು, ಉಪ್ಪು, ಸಕ್ಕರೆ ಹಾಕಿದ ನೀರು, ಅದೂ ಬಾಯಾರುವ ಮೊದಲೇ ಒಂದೊಂದು ಗುಟುಕು.

ಅಷ್ಟಾದರೆ ಮುಗಿಯಿತು ಎಂದುಕೊಂಡಿದ್ದೆ. "ಪ್ರಾಕ್ಟೀಸ್ ಇಲ್ದೆ ಮ್ಯಾಚಿಗೆ ಯಾರಾದ್ರೂ ಇಳೀತಾರೇನೇ?" ಎಂದರು ಮೇಡಂ. ತಮ್ಮ ಯಜಮಾನರನ್ನು ಮಾರ್ಕೆಟ್ಟಿಗೆ ಅಟ್ಟಿದರು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿಗೆ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಒರಗಿಸಿ, ಗ್ಲೈಡರಿನ ಸೀಟಿನ ಹಾಗೆ ಹಿಂದಕ್ಕೆ ಬಾಗಿಸಿದರು. ನಾನು ಕಾಲು ಚಾಚಿ ಅರ್ಧ ಮಲಗಿದೆ. ಗ್ಲೈಡರ್ ನಡೆಸುವ ಸ್ಟಿಕ್ಕಿನ ಬದಲು ಕೈಗೆ ಸೌಟು ಕೊಟ್ಟರು. ಚೊಂಬು ಚೊಂಬು ನೀರು ಕುಡಿಸಿದರು.

ಬರಲಿಲ್ಲ. ಹೊಟ್ಟೆ ಬಿರಿಯುವಂತಿದ್ದರೂ ಬರಲಿಲ್ಲ. ಬಟ್ಟೆಯಲ್ಲಿ ಮಾಡಬಾರದು, ಕೂತಲ್ಲಿ ಮಾಡಬಾರದು ಎಂದು ಮಗುವಾಗಿದ್ದಾಗಿನಿಂದ ಕಲಿತ ಮೈ ಅದು, ನನ್ನ ಮಾತು ಎಲ್ಲಿ ಕೇಳುತ್ತದೆ? ನೀರಿನ ಸದ್ದಿಗಾದರೂ ಬರಲಿ ಎಂದು ಮೇಡಂ ನಲ್ಲಿ ಬಿಟ್ಟರು, ಬೈದರು, ಮುದ್ದು ಮಾಡಿದರು. ಕೊನೆಗೆ ನನಗೆ ಅಳುವೇ ಬಂತು. ಆಗ ಅವರು ದೂರ ಹೋಗಿ ನಿಂತು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಶಾಲೆಯ ಮೈದಾನದ ಅದೇ ಗಂಟಲಿನಲ್ಲಿ ಕೂಗಿದರು. "ಸಾವಧಾನ್!" ಮಲಗಿದ್ದಲ್ಲೇ ನನ್ನ ಮೈಯೆಲ್ಲ ಸೆಟೆದುಕೊಂಡಿತು. "ವಿಶ್ರಾಮ್!"

ಬಂದೇ ಬಿಟ್ಟಿತು. ನಾನು ಸೌಟು ಎಸೆದು ಕೂಗಿದೆ. ಮೇಡಂ ಒಗೆಯುವ ಕಲ್ಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

ಭಾನುವಾರ ಅವರೂ ಮೈದಾನಕ್ಕೆ ಬಂದರು, ಕೊರಳಲ್ಲಿ ಹಳೆಯ ಸೀಟಿ. ಅವತ್ತಿನ ಗಾಳಿ ಚಿನ್ನದಂಥದು. ಹೂಟಗಳ್ಳಿ ಫ್ಯಾಕ್ಟರಿಗಳ ಕಾದ ತಗಡಿನ ಕಡೆಯಿಂದ ಎದ್ದ ಬಿಸಿಗಾಳಿ ನನ್ನನ್ನು ಎತ್ತಿ ಎತ್ತಿ ಮೇಲಕ್ಕೆ ಹಾಕಿತು. ಬೆಟ್ಟ, ಕೆರೆಗಳು, ಊರು ಎಲ್ಲ ಅಂಗೈಯಷ್ಟು. ಗುಟುಕು ಗುಟುಕಾಗಿ ಕುಡಿಯುತ್ತ ಹೋದೆ. ಹೋದ ಸಲ ಸೋತಿದ್ದ ಮೂರನೆಯ ಗಂಟೆ ದಾಟಿತು, ತಲೆ ತಿಳಿಯಾಗಿಯೇ ಇತ್ತು. ಆದರೆ ಕುಡಿದ ನೀರು ಈಗ ಲೆಕ್ಕ ಕೇಳತೊಡಗಿತು. ತಡೆದುಕೊಂಡೆ. ಇನ್ನಷ್ಟು ತಡೆದುಕೊಂಡೆ. ಗಮನವೆಲ್ಲ ಅಲ್ಲೇ ಹೋಗಿ ಬಿಸಿಗಾಳಿ ಕೈತಪ್ಪಿತು, ಗ್ಲೈಡರ್ ಇಳಿಯತೊಡಗಿತು. ಮೈ ಮತ್ತೆ ಹಟ ಹಿಡಿದಿತ್ತು. ಇನ್ನು ಸ್ವಲ್ಪ ಇಳಿದರೆ ಎಲ್ಲ ಮುಗಿಯುತ್ತಿತ್ತು.

ಸ್ಟಿಕ್ಕನ್ನು ಬಿಗಿಯಾಗಿ ಹಿಡಿದೆ. ಗಂಟಲು ಬಿರಿಯುವಂತೆ ನನಗೆ ನಾನೇ ಕೂಗಿಕೊಂಡೆ. "ಸಾವಧಾನ್! ವಿಶ್ರಾಮ್!"

ಆಹಾ... ಆ ಸುಖವನ್ನು ಏನೆಂದು ಹೇಳಲಿ! ಆ ಕ್ಷಣ ಭೂಮಿಯ ಮೇಲೆ ಯಾವ ಮಹಾರಾಣಿಯೂ ನನ್ನಷ್ಟು ಸುಖವಾಗಿ ಇದ್ದಿರಲಾರಳು.

ರೇಡಿಯೋ ಗುಂಡಿ ಇರುವುದು ಸ್ಟಿಕ್ಕಿನ ಮೇಲೇ ಎಂಬುದನ್ನು ಮರೆತಿದ್ದೆ. ಬಿಗಿಹಿಡಿದಾಗ ಅದು ಒತ್ತಿಕೊಂಡು ನನ್ನ ಕೂಗೆಲ್ಲ ಮೈದಾನಕ್ಕೆ ಕೇಳಿಸಿತ್ತು. "ಏನಮ್ಮಾ? ಏನಂದ್ರಿ? ಎಮರ್ಜೆನ್ಸೀನಾ?" ಸಾರ್ ಗಾಬರಿಯಿಂದ ಕೇಳಿದರು. ಅಷ್ಟರಲ್ಲಿ ರೇಡಿಯೋದೊಳಗೆ ಉದ್ದನೆಯ ಸೀಟಿ. ಸಾರ್ ಕೈಯಿಂದ ಮೇಡಂ ಮೈಕ್ ಕಿತ್ತುಕೊಂಡಿದ್ದರು.

"ಭೇಷ್ ಕಣೇ! ಈಗ ಇನ್ನೊಂದು ಗುಟುಕು ಕುಡಿ!"

ಕುಡಿದೆ. ಸ್ವಲ್ಪ ದೂರದಲ್ಲಿ ಎರಡು ಹದ್ದು ಸುತ್ತುತ್ತಿದ್ದವು, ಅಲ್ಲಿ ಬಿಸಿಗಾಳಿ ಇದೆ ಎಂದರ್ಥ. ಅವುಗಳ ಕೆಳಗೆ ನುಗ್ಗಿ ಮತ್ತೆ ಮೇಲೆದ್ದೆ. ಐದು ಗಂಟೆ ದಾಟಿದ್ದಕ್ಕೆ ಸಾರ್ ಇಳಿಯಲು ಹೇಳಿದರೂ ಜಂಬಕ್ಕೆ ಇನ್ನೂ ಒಂದಷ್ಟು ಹೊತ್ತು ತೇಲಿದೆ. ಇಳಿದಾಗ ಸಾರ್ ಕೈ ಕುಲುಕಿದರು. 'ಆಗಲ್ಲ ಬುಡಿ' ಎಂದಿದ್ದ ಹಿರಿಯರು ಚಪ್ಪಾಳೆ ತಟ್ಟುತ್ತಲೇ, ಅದೇನು ಕೂಗಿದ್ದು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮೇಡಂ ಅಷ್ಟೂ ಗಂಡಸರ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿದರು. "ಇದನ್ನ ಹೇಳ್ಕೊಡೋದಕ್ಕೆ ನಿಮಗೆಲ್ಲ ಏನ್ ಬಂದಿತ್ರೀ?" ಗಂಡಸರೆಲ್ಲ ನೆಲ ನೋಡಿಕೊಂಡರು. ನಾನು ಮಾತ್ರ ತಲೆ ತಗ್ಗಿಸಲಿಲ್ಲ.

ವರ್ಷಗಳಾದ ಮೇಲೆ ಮೇಡಂ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ನೋಡಲು ಹೋದರೆ ತುಟಿ ಒಡೆದು ಬಿಳಿಚಿತ್ತು. ಮಂಚದ ಪಕ್ಕದ ಲೋಟದಲ್ಲಿ ನೀರು ತುಂಬಿದ್ದದ್ದು ತುಂಬಿದ ಹಾಗೇ ಇತ್ತು. "ಸೊಸೆ ಎಷ್ಟು ಸಲ ಬಟ್ಟೆ ಬದಲಾಯಿಸ್ತಾಳೆ ಪಾಪ, ನಂಗೆ ನಾಚ್ಕೆ ಆಯ್ತದೆ ಕಣೇ" ಎಂದರು, ಪಿಸುಮಾತಿನಲ್ಲಿ. ಆ ಗಂಟಲಿನಿಂದ ಪಿಸುಮಾತು ಕೇಳಿದ್ದು ಅದೇ ಮೊದಲು. ನನಗೆ ಸಂಕಟಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಬೀದಿಗೆಲ್ಲ ಕೇಳಿಸುವ ಹಾಗೆ ಬೈದೆ. ಅವರು ದುರುಗುಟ್ಟಿ ನೋಡಿದರು, ಆಮೇಲೆ ನಕ್ಕರು, ಲೋಟ ಪೂರ್ತಿ ಕುಡಿದರು. ಬದುಕಿದ್ದಷ್ಟು ದಿನವೂ ನೀರು ಕೇಳಿ ಕೇಳಿ ಕುಡಿದರೆಂದು ಆ ಸೊಸೆಯೇ ಆಮೇಲೆ ನನಗೆ ಹೇಳಿದಳು.

ಈಗ ನಾನೂ ಕ್ಲಬ್ಬಿನಲ್ಲಿ ಕಲಿಸುತ್ತೇನೆ. ಉದ್ದದ ಹಾರಾಟಕ್ಕೆ ಹೊರಟವರನ್ನು ಮೊದಲು ಕೇಳುವುದೇ ಆ ಮಾತು. ಎಲ್ಲರೆದುರು, ಜೋರಾಗಿಯೇ ಕೇಳುತ್ತೇನೆ. ಹೋದ ತಿಂಗಳು ಕಾಲೇಜು ಹುಡುಗಿಯೊಬ್ಬಳು ಐದು ಗಂಟೆ ಮುಗಿಸಿ ಇಳಿದು, ಖಾಲಿ ಬಾಟಲಿಯನ್ನು ಗೆದ್ದ ಕಪ್ಪಿನ ಹಾಗೆ ಮೇಲೆತ್ತಿ ಓಡಿ ಬಂದಳು. ಖುಷಿಯಲ್ಲಿ, "ನೋಡಿದ್ರಾ ಮೇಡಂ!" ಎಂದು ನಾನು ಪಕ್ಕಕ್ಕೆ ತಿರುಗಿದೆ... ಪಕ್ಕದಲ್ಲಿ ಯಾರೂ ಇರಲಿಲ್ಲ.