ಕಿವಿಯಲ್ಲಿ ಹೇಳಿದ ಸಿನಿಮಾ

ಸಂಘದ ಮಹಾಸಭೆಯ ದಿನ ಗೊತ್ತಾಯಿತೆಂದರೆ ಸಾಕು, ನಝೀಹಾಗೆ ಹೊಟ್ಟೆನೋವು ಶುರುವಾಗುತ್ತಿತ್ತು. ಸೋಗಿನ ನೋವಲ್ಲ, ನಿಜವಾದದ್ದೇ. ತಿಂಡಿ ಕಂಡರೆ ಮುಖ ತಿರುಗಿಸುತ್ತಿದ್ದಳು, ಕಾಫಿ ಕುಡಿದರೆ ಸಂಕಟ. ಡಾಕ್ಟರು ಒತ್ತಿ ನೋಡಿ, ಹೊಟ್ಟೆಯಲ್ಲಿ ಏನೂ ಇಲ್ಲ ಅಂದರು. ಏನಿದೆ ಅಂತ ನನಗೆ ಗೊತ್ತಿತ್ತು. ಅಲ್ಲಿದ್ದದ್ದು ಸಿ ತಿಜಾನಿಯ ಗುಟ್ಟು.

ಸಿ ತಿಜಾನಿ ನಮ್ಮ ಚಿತ್ರ ಅಧ್ಯಯನ ಸಂಘದ ಅಧ್ಯಕ್ಷರು. 'ಸಿ' ಅಂದರೆ ನಮ್ಮಲ್ಲಿ ದೊಡ್ಡವರ ಹೆಸರಿನ ಮುಂದೆ ಹಚ್ಚುವ ಮರ್ಯಾದೆಯ ಮಾತು. ಟ್ಯುನಿಸ್ಸಿನಲ್ಲಿ ಸಿನಿಮಾ ಪಾಠ ಹೇಳುವವರು, ಸಿನಿಮಾ ಬಗ್ಗೆ ಬರೆಯುವವರು, ಹಳೆಯ ಸಿನಿಮಾ ಕ್ಲಬ್ಬುಗಳಲ್ಲಿ ಜಗಳವಾಡುತ್ತಲೇ ದೊಡ್ಡವರಾದವರು ಸೇರಿ ಕಟ್ಟಿಕೊಂಡ ಸಂಘ ಇದು. ಅದರ ಆಡಳಿತ ಸಮಿತಿಯಲ್ಲಿ ನಾವು ಏಳು ಜನ. ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಅನ್ನುವುದಕ್ಕೂ ಕೈ ಎತ್ತಿಸಿ ಲೆಕ್ಕ ಹಾಕುವ ಜನ. ನಝೀಹಾ ಕಾರ್ಯದರ್ಶಿ. ನನ್ನ ಹೆಸರು ಝಕಿಯಾ. ಸಭಾಂಗಣ, ಕುರ್ಚಿ, ಚಹಾ ನನ್ನ ಪಾಲಿಗೆ, ಅಂದರೆ ಎಲ್ಲರ ಬೈಗುಳವೂ ನನ್ನ ಪಾಲಿಗೆ. ಉಪಾಧ್ಯಕ್ಷ ಲಝಹರ್. ಸಿ ತಿಜಾನಿ ಬಿಳಿ ಎಂದರೆ ಇವನು ಕಪ್ಪು ಅನ್ನುವ ಮನುಷ್ಯ. ಇಪ್ಪತ್ತು ವರ್ಷದಿಂದ ಒಂದು ದಿನವೂ ರಜೆ ಹಾಕದೆ ಅದೇ ಕೆಲಸ ಮಾಡಿಕೊಂಡು ಬಂದಿದ್ದ.

ಗುಟ್ಟು ಇಷ್ಟೇ. ಸಿ ತಿಜಾನಿಗೆ ತೆರೆ ಕಾಣುತ್ತಿರಲಿಲ್ಲ. ಪೂರ್ತಿ ಕುರುಡಲ್ಲ, ನೋಟದ ನಟ್ಟನಡುವೆ ಮಸಿ ಕೂತಿತ್ತು, ಅಂಚಿನಲ್ಲಿ ಚೂರು ಬೆಳಕು ಉಳಿದಿತ್ತು. ರೂಢಿಯ ಬೀದಿಯಲ್ಲಿ ನಡೆದುಬಿಡುತ್ತಿದ್ದರು, ದನಿ ಹಿಡಿದು ಹೆಸರು ಕೂಗುತ್ತಿದ್ದರು, ಯಾರಿಗೂ ಸಂಶಯ ಬರುತ್ತಿರಲಿಲ್ಲ. ಸಿನಿಮಾ ಮಾತ್ರ ಅವರಿಗೆ ಅಲುಗಾಡುವ ಬೂದಿಯಾಗಿತ್ತು.

"ಚಿತ್ರ ಕಾಣದೋನು ಚಿತ್ರದೋರಿಗೆ ಯಜಮಾನ ಅಂತ ಕೆಫೆ ಕೆಫೆಯಲ್ಲೂ ನಗ್ತಾರೆ ಮಗಳೇ," ಅಂದಿದ್ದರಂತೆ ನಝೀಹಾ ಹತ್ತಿರ. "ಸಾಯೋಕೆ ಹೆದರಲ್ಲ ನಾನು. ನಗೆಪಾಟಲಾಗೋಕೆ ಹೆದರ್ತೀನಿ."

ಅವಳು ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟಳು. ನನಗೊಬ್ಬಳಿಗೆ ಹೇಳಿದಳು, ತಡೆಯಲಾರದೆ. ಆವತ್ತಿನಿಂದ ನನಗೂ ಊಟ ಸರಿಯಾಗಿ ಸೇರುತ್ತಿರಲಿಲ್ಲ, ಆ ಉಪಕಾರಕ್ಕೆ ಅವಳಿಗೆ ಇನ್ನೂ ಕೃತಜ್ಞತೆ ಹೇಳಿಲ್ಲ.

ನಝೀಹಾ ಹುಟ್ಟಿದ್ದು ಕೆಫ್‌ನಲ್ಲಿ, ಗುಡ್ಡಕ್ಕೆ ಅಂಟಿಕೊಂಡ ಊರಿನಲ್ಲಿ. ಅಪ್ಪ ಬುರ್ನೂಸ್ ನಿಲುವಂಗಿ ಹೊಲಿಯುತ್ತಿದ್ದ. ಅಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ, ಸಿನಿಮಾ ಹುಚ್ಚು ಮಾತ್ರ ಹೇಳತೀರದು. ಊರಿನ ಥಿಯೇಟರಿಗೆ ಹಿಂದಿ ಚಿತ್ರ ಬಂದರೆ ಒಲೆಯ ಮೇಲಿನ ಪಾತ್ರೆ ಇಳಿಸಿ ಮಗಳ ಕೈ ಹಿಡಿದು ಓಡುತ್ತಿದ್ದಳು. ತೆರೆಯ ಕೆಳಗೆ ಓಡುವ ಅನುವಾದದ ಅಕ್ಷರವನ್ನು ಪುಟ್ಟ ನಝೀಹಾ ಅಮ್ಮನ ಕಿವಿಯಲ್ಲಿ ಓದಬೇಕು. ಬರೀ ಓದಿದರೆ ಸಾಲದು. "ಅವನು ಸುಳ್ಳು ಹೇಳ್ತಿದ್ದಾನಮ್ಮ, ಕೈ ನೋಡು," ಅಂತ ತನ್ನದನ್ನೂ ಸೇರಿಸುತ್ತಿದ್ದಳು. ಹಿಂದಿನ ಸಾಲಿನವರು ಬೈಯುತ್ತಿದ್ದರು, ಅಮ್ಮ ತಿರುಗಿ ನಾಲ್ಕು ಬೈದು ಮತ್ತೆ ಕಿವಿ ಕೊಡುತ್ತಿದ್ದಳು.

ಅಂಥ ಹುಡುಗಿ ಟ್ಯುನಿಸ್ಸಿಗೆ ಬಂದು ಪ್ರಬಂಧ ಬರೆದಾಗ, ಪರೀಕ್ಷಕರು ಇದು ಪಾಂಡಿತ್ಯವಲ್ಲ, ಹರಟೆ ಅಂದರು. ಸಿ ತಿಜಾನಿ ಒಬ್ಬರೇ ಮೇಜು ಗುದ್ದಿ ಅವಳನ್ನು ದಾಟಿಸಿದರು. ಅವಳ ಮದುವೆ ನಿಶ್ಚಯವಾಗಿ ಮುರಿದು ಬಿದ್ದ ವರ್ಷ, ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದವಳನ್ನು ಹುಡುಕಿಕೊಂಡು ಬಂದು, "ಅಳೋದಾದ್ರೆ ಅಳು, ನಾಳೆ ನನ್ನ ಕ್ಲಾಸ್ ಮಾತ್ರ ನೀನೇ ತಗೋ," ಅಂದರು. ಆ ಕ್ಲಾಸನ್ನು ಅವಳು ಇವತ್ತಿಗೂ ಬಿಟ್ಟಿಲ್ಲ. ಇದೆಲ್ಲ ಗೊತ್ತಿದ್ದ ನಾನು ಅವಳಿಗೆ, ಬಿಡೇ ಈ ಗೋಳು, ಅಂತ ಹೇಗೆ ಹೇಳಲಿ?

ಹೊಟ್ಟೆನೋವಿಗೆ ಕಾರಣ ನಮ್ಮ ಸಂಘದ ಒಂದು ಪದ್ಧತಿ. ಮಹಾಸಭೆ ಶುರುವಾಗುವುದೇ ಒಂದು ಸಿನಿಮಾದಿಂದ. ಕೊನೆಯ ಹೆಸರು ತೆರೆಯಿಂದ ಮರೆಯಾಗುವವರೆಗೆ ಯಾರೂ ಏಳುವಂತಿಲ್ಲ. ಅದು ಮುಗಿದ ಕ್ಷಣ, ದೀಪ ಹತ್ತುವ ಮೊದಲೇ ಅಧ್ಯಕ್ಷರು ಎದ್ದು ಆ ಚಿತ್ರದ ಒಂದು ಶಾಟ್ ಬಗ್ಗೆ ಮಾತಾಡಬೇಕು. ಕೈಯಲ್ಲಿ ಕಾಗದ ಇರಬಾರದು. ಇದಕ್ಕೆ 'ಮೊದಲ ಮಾತು' ಅಂತ ಹೆಸರು. ಅಧ್ಯಕ್ಷಗಿರಿಯನ್ನು ನಮ್ಮವರು ಅಳೆಯುವುದೇ ಈ ಮಾತಿನಿಂದ. ಕಳೆದ ಎರಡು ವರ್ಷ ಮುಂದಿನ ಸಾಲಿನಲ್ಲಿ ಸಿ ತಿಜಾನಿಯ ಪಕ್ಕ ನಝೀಹಾ ಕೂತು, ಇಡೀ ಚಿತ್ರವನ್ನು ಅವರ ಕಿವಿಗೆ ಉಸುರಿದ್ದಳು. ಅವರು ಎದ್ದು ಮಾತಾಡಿದರು, ಜನ ಚಪ್ಪಾಳೆ ಹೊಡೆದರು. ಒಳಗಿಂದ ಒಳಗೆ ಬೆವತವಳು ಇವಳು.

ಈ ಸಲ ಲಝಹರ್ ಸಮಿತಿಯಲ್ಲಿ ಬಾಂಬು ಹಾಕಿದ.

"ಮುಂದಿನ ಸಾಲಲ್ಲಿ ನಾವೇಳು ಜನ ಮದುವೆಮನೆ ಬೀಗರ ಥರ ಕೂರೋದು ಸಾಕು. ಹೊಸಬರು ಆಡ್ಕೋತಿದ್ದಾರೆ. ಸದಸ್ಯರ ಮಧ್ಯೆ ಚದುರಿ ಕೂರೋಣ. ಅಧ್ಯಕ್ಷರೊಬ್ಬರೇ ಮೈಕಿನ ಹತ್ರ ಇರ್ಲಿ."

ನಝೀಹಾ ಪೆನ್ನು ಕೆಳಗಿಟ್ಟಳು. "ಸಿ ತಿಜಾನಿಗೆ ಏನಾದ್ರೂ ಬೇಕಾದ್ರೆ?" ಅಂದಳು.

"ಏನು ಬೇಕಾಗುತ್ತೆ? ಸಿನಿಮಾ ನೋಡೋಕೂ ಒಬ್ಬ ಸಹಾಯಕಿ ಬೇಕಾ?" ಅಂದ ಲಝಹರ್. ಎಲ್ಲರೂ ನಕ್ಕರು. ಅವನಿಗೆ ಏನೂ ಗೊತ್ತಿರಲಿಲ್ಲ, ತಮಾಷೆಗೆ ಅಂದದ್ದು. ಆದರೂ ಆ ಗಳಿಗೆಯಲ್ಲಿ ಅವನ ತಲೆಗೆ ಚಹಾದ ಲೋಟ ಎಸೆಯುವಷ್ಟು ಸಿಟ್ಟು ನನಗೆ ಬಂತು.

ಎಲ್ಲರಿಗಿಂತ ಜೋರಾಗಿ ನಕ್ಕವರು ಸಿ ತಿಜಾನಿಯೇ. "ಜೀವಮಾನದಲ್ಲಿ ಒಂದು ಸರಿಯಾದ ಮಾತು ಆಡಿದೆ ನೀನು. ಹಾಗೇ ಆಗ್ಲಿ."

ಹೊರಗೆ ಬಂದ ಮೇಲೆ ನಝೀಹಾ ಸಿ ತಿಜಾನಿಯ ತೋಳು ಹಿಡಿದು ಮೆಟ್ಟಿಲು ಇಳಿಸುತ್ತ ರೇಗಿದಳು. "ಯಾಕೆ ಒಪ್ಕೊಂಡ್ರಿ? ನಾನು ನಿಮ್ಮ ಪಕ್ಕ ಇಲ್ದೆ ಹೇಗೆ?"

"ಒಪ್ಪದೇ ಇದ್ದಿದ್ರೆ ಯಾಕೆ ಅಂತ ಕೇಳ್ತಿದ್ದ ಆ ನಾಯಿ. ಮೂಗು ಚೂಪು ಅವನದು," ಅಂದರು. "ಮೊದಲೇ ಎಲ್ಲ ಹೇಳ್ಕೊಡು. ಬಾಯಿಪಾಠ ಮಾಡ್ತೀನಿ."

ಸಭೆಗೆ ಗೊತ್ತಾದ ಚಿತ್ರ ಕೆರ್ಕೆನ್ನಾ ದ್ವೀಪದ ಮೀನುಗಾರರ ಮೇಲೆ ತೆಗೆದ ಹಳೆಯ ಕಪ್ಪು ಬಿಳುಪಿನದು. ಅದರ ನಕಲು ನಝೀಹಾ ಕಂಪ್ಯೂಟರಿನಲ್ಲಿತ್ತು. ದಿನಾ ಸಂಜೆ ಅವರ ಮನೆಗೆ ಹೋಗಿ ಶಾಟ್ ಶಾಟ್ ಬಿಡಿಸಿ ಹೇಳಿದಳು. ಅವರು ಆರಿಸಿದ್ದು ಕೊನೆಯ ಹತ್ತಿರದ ಒಂದು ಶಾಟ್. ಗಂಡನಿಗಾಗಿ ಕಾಯುತ್ತಿರುವ ಹೆಂಗಸು ಮೆಟ್ಟಿಲು ಹತ್ತಿ ಮಾಳಿಗೆಗೆ ಬರುತ್ತಾಳೆ. ಒಣಹಾಕಿದ ಬಿಳಿ ಬಟ್ಟೆಗಳನ್ನು ಒಂದೊಂದಾಗಿ ತೆಗೆಯುತ್ತಾಳೆ. ಕೊನೆಯದನ್ನು ತೆಗೆದಾಗ ಅದರ ಹಿಂದೆ ಸಮುದ್ರ, ಸಮುದ್ರದಲ್ಲಿ ಆಳಿಲ್ಲದ ದೋಣಿ. ಇಡೀ ಶಾಟಿನಲ್ಲಿ ಮಾತಿಲ್ಲ, ಹಿಂದೆಯೂ ಮುಂದೆಯೂ ಕೇಳುವ ಅಲೆಯ ಸದ್ದೇ.

"ಬಟ್ಟೆ ತೆಗೆಯುವಾಗ ಅವಸರ ಇದೆಯಾ ಅವಳಿಗೆ?" ಅಂತ ಕೇಳಿದರು.

"ಇಲ್ಲ. ಮಡಚಿ ಮಡಚಿ ಇಡ್ತಾಳೆ."

"ಹಾಗಾದ್ರೆ ಅವಳಿಗೆ ಮೊದಲೇ ಗೊತ್ತು," ಅಂದರು ಸಿ ತಿಜಾನಿ. ಆ ಚಿತ್ರವನ್ನು ಅಷ್ಟು ಸಲ ನೋಡಿದ್ದ ನಝೀಹಾಗೆ ಅದು ಹೊಳೆದಿರಲಿಲ್ಲ. ಅಲ್ಲೇ ಕೂತು ಅತ್ತುಬಿಟ್ಟಳಂತೆ.

ಭಾನುವಾರ ಬೆಳಿಗ್ಗೆ ಸಭಾಂಗಣ ತುಂಬಿತ್ತು. ಸ್ಫಾಕ್ಸ್, ಸೂಸ್, ಗಾಬೆಸ್ ಊರುಗಳವರು, ಎಲ್ಲರೂ ಮೊದಲ ಮಾತಿಗೆ ಕಿವಿ ನಿಮಿರಿಸಿಕೊಂಡು ಬಂದವರೇ. ಸಿ ತಿಜಾನಿ ಮುಂದೆ ಒಬ್ಬರೇ ಕೂತಿದ್ದರು. ಹಿಂದಿನಿಂದ ಅವರ ಬಿಳಿ ತಲೆಯಷ್ಟೇ ಕಾಣುತ್ತಿತ್ತು. ಲಝಹರ್ ಬಲಗಡೆ ಕೊನೆಯಲ್ಲಿ. ಕುರ್ಚಿ ನನ್ನ ಕೈಯಲ್ಲಿದ್ದರಿಂದ ನಝೀಹಾಳನ್ನು ನಡುವಿನ ಸಾಲಿನಲ್ಲಿ, ನನ್ನ ಪಕ್ಕದಲ್ಲೇ ಕೂರಿಸಿಕೊಂಡೆ. ಅವಳ ತುಟಿ ಆಡುತ್ತಲೇ ಇತ್ತು. ಅಷ್ಟು ದೂರದಿಂದಲೂ ಅವರಿಗೆ ಸಿನಿಮಾ ಹೇಳುತ್ತಿದ್ದಳು, ಪಾಪ.

ಚಿತ್ರ ನಿರ್ದೇಶಕರ ಮನೆಯವರು ಉಗ್ರಾಣದಿಂದ ತೆಗೆದುಕೊಟ್ಟ ಹಳೆಯ ಪ್ರಿಂಟು ಅದು. ರೀಲು ಓಡಿಸುವ ಭಾಗ್ಯ ಸಿಕ್ಕಿತೆಂದು ನಾವೇಳೂ ಜನ ಹಿಗ್ಗಿ ಹೀರೇಕಾಯಾಗಿದ್ದೆವು. ಅದನ್ನು ಮೊದಲೇ ಒಮ್ಮೆ ಹಾಕಿ ನೋಡಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಸಿನಿಮಾದವರೇ ಮಾಡುವ ತಪ್ಪು ಇದು; ಬೇರೆಯವರಾಗಿದ್ದರೆ ನೋಡಿರುತ್ತಿದ್ದರು.

ಹೆಂಗಸು ಮೆಟ್ಟಿಲು ಹತ್ತಿದಳು. ನೇರವಾಗಿ ದೋಣಿಕಟ್ಟೆ ಬಂತು.

ನನ್ನ ತೋಳಿಗೆ ನಝೀಹಾಳ ಉಗುರು ಚುಚ್ಚಿತು. "ಝಕಿಯಾ, ಶಾಟ್ ಇಲ್ಲ."

"ಯಾವ ಶಾಟ್?"

"ಮಾಳಿಗೆದು ಕಣೇ! ಈ ಪ್ರಿಂಟಲ್ಲಿ ಯಾರೋ ಆ ಕಾಲದಲ್ಲೇ ಕತ್ತರಿಸಿಬಿಟ್ಟಿದ್ದಾರೆ. ಅವರು ಅದನ್ನೇ ಹೇಳ್ತಾರೆ ಈಗ!"

"ಹಾಳಾಗಿ ಹೋಗ್ಲಿ ಪದ್ಧತಿ, ಎದ್ದು ಹೋಗಿ ಹೇಳು."

ಎದ್ದಳು. ತೆರೆಯ ಮೇಲೆ ಹೆಸರುಗಳು ಮೇಲೇರುತ್ತಿದ್ದವು. "ಯಾರಮ್ಮ ಅದು, ಕೂತ್ಕೋ!" ಅಂತ ಒಬ್ಬರು, "ಕಾರ್ಯದರ್ಶಿಗೇ ಶಿಸ್ತಿಲ್ಲ ನೋಡಿ," ಅಂತ ಇನ್ನೊಬ್ಬರು. ಹತ್ತು ಜನರ ಮೊಣಕಾಲು ದಾಟಿ ಕುರ್ಚಿಸಾಲುಗಳ ನಡುವಿನ ಓಣಿಗೆ ಬಿದ್ದು, ಬಗ್ಗಿಕೊಂಡು ಕೆಳಗೆ ಓಡಿದಳು. ಅರ್ಧ ದಾರಿಯಲ್ಲಿದ್ದಾಗ ಅಕ್ಷರ ಮುಗಿಯಿತು. ಸಂಗೀತ ನಿಂತ ಕೂಡಲೇ ಸಿ ತಿಜಾನಿ ಎದ್ದು ಮೈಕು ಹಿಡಿದರು. ನಝೀಹಾ ಓಣಿಯ ಮೆಟ್ಟಿಲಿನ ಮೇಲೆ ಕುಸಿದಳು.

ಅವರು ಬಹಳ ಚೆನ್ನಾಗಿ ಮಾತಾಡಿದರು. ಮಾಳಿಗೆ, ಬಿಸಿಲು, ಮಡಚಿಟ್ಟ ಬಟ್ಟೆ, ಖಾಲಿ ದೋಣಿ. "ಅವಸರ ಇಲ್ಲ ಅವಳಿಗೆ. ಅಂದ್ರೆ ಅವಳಿಗೆ ಮೊದಲೇ ಗೊತ್ತು. ನಾವು ಕೊನೇಲಿ ನೋಡಿದ್ದನ್ನ ಅವಳು ಮೊದಲೇ ನೋಡಿಬಿಟ್ಟಿದ್ದಾಳೆ." ಹಾಗೆ ಹೇಳಿ ನಿಲ್ಲಿಸಿದರು. ದೀಪ ಹತ್ತಿತು.

ಚಪ್ಪಾಳೆ ಬರಲಿಲ್ಲ. ಜನ ಅಕ್ಕಪಕ್ಕದವರ ಮುಖ ನೋಡಿದರು. ಸ್ಫಾಕ್ಸಿನ ಒಬ್ಬ ಅಧ್ಯಾಪಕಿ ಕೈ ಎತ್ತಿ, "ಕ್ಷಮಿಸಿ ಸಿ ತಿಜಾನಿ, ಮಾಳಿಗೆ ಅಂದ್ರೆ..." ಎಂದು ಶುರು ಮಾಡಿದಳು.

ಅಷ್ಟರಲ್ಲಿ ಲಝಹರ್ ಎದ್ದ. ಮುಗಿಯಿತು ಅಂದುಕೊಂಡೆ. ಅವನು ಸಿ ತಿಜಾನಿಯ ಮುಖವನ್ನೇ ನೋಡಿದ, ಮೆಟ್ಟಿಲಿನಲ್ಲಿ ಮುದುಡಿ ಕೂತ ನಝೀಹಾಳನ್ನು ನೋಡಿದ. ಅವನಿಗೆ ಅರ್ಥವಾದದ್ದು ನನಗೆ ಕಂಡಿತು.

"ಆ ಶಾಟ್ ಬಗ್ಗೆ ಸಿ ತಿಜಾನಿ ಹೇಳಿದ್ದು ಪೂರ್ತಿ ಸರಿ," ಅಂದ. "ನಂಗೂ ಹಾಗೇ ಅನ್ನಿಸ್ತು. ಸೇರಿಸೋದು ಏನೂ ಇಲ್ಲ."

ಸ್ಫಾಕ್ಸಿನವಳು ಕೂತಳು. ಯಾರೋ ಹೌದು ಹೌದು ಅಂದರು. ಕೆಲವರಿಗೆ ವಿಷಯ ಹೊಳೆದಿತ್ತು, ಕೆಲವರು ತಾವೇ ತೂಕಡಿಸಿದೆವು ಅಂದುಕೊಂಡರು. ಚಪ್ಪಾಳೆ ಶುರುವಾಗಿ ಇಡೀ ಸಭಾಂಗಣಕ್ಕೆ ಹಬ್ಬಿತು. ನಾನಂತೂ ಅಂಗೈ ಕೆಂಪಾಗುವಂತೆ ಹೊಡೆದೆ. ಲಝಹರ್‌ನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು, ನನ್ನ ಜನ್ಮದಲ್ಲಿ ಮೊದಲ ಸಲ.

ಚಪ್ಪಾಳೆ ನಿಂತರೂ ಸಿ ತಿಜಾನಿ ಮೈಕು ಬಿಟ್ಟಿರಲಿಲ್ಲ.

"ಲಝಹರ್," ಅಂದರು. "ಇಪ್ಪತ್ತು ವರ್ಷದಲ್ಲಿ ನನ್ನ ಒಂದು ಮಾತಿಗೂ ನೀನು ಹೂಂ ಅಂದೋನಲ್ಲ."

ಲಝಹರ್ ಮತ್ತೆ ನಝೀಹಾ ಕಡೆ ನೋಡಿದ.

"ಆ ಶಾಟ್ ಇರ್ಲೇ ಇಲ್ಲ, ಅಲ್ವಾ?"

ಲಝಹರ್ ಕುರ್ಚಿಯಲ್ಲಿ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಜಗಳ ಆಡಬೇಕಿತ್ತು ಕಣೋ ನೀನು. ಜಗಳ ಆಡಿದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ," ಅಂದರು ಸಿ ತಿಜಾನಿ. ನಗಲು ನೋಡಿದರು, ಆಗಲಿಲ್ಲ. ಸಭಾಂಗಣದಲ್ಲಿ ಒಬ್ಬನಾದರೂ ನಕ್ಕಾನೆಂದು ನಾನು ಸುತ್ತ ಕಣ್ಣು ಹಾಯಿಸಿದೆ. ನಕ್ಕಿದ್ದರೆ ಅಲ್ಲೇ ಜುಟ್ಟು ಹಿಡಿಯುತ್ತಿದ್ದೆ. ಯಾರೂ ನಗಲಿಲ್ಲ.

"ಹೊಸ ಅಧ್ಯಕ್ಷರನ್ನ ಮಧ್ಯಾಹ್ನ ಆರಿಸ್ಕೊಳಿ. ನನ್ನ ಹೆಸರು ಬಿಟ್ಟು," ಅಂದರು. ಆಮೇಲೆ, "ನಝೀಹಾ ಎಲ್ಲಿದ್ದಾಳೆ?"

"ಇಲ್ಲೇ ಇದ್ದೀನಿ," ಅಂದಳು ಮೆಟ್ಟಿಲಿನಿಂದ.

"ಮಾಳಿಗೆ ಇಲ್ಲ ಅಂದ್ಮೇಲೆ ಅಲ್ಲಿ ಏನಿತ್ತು? ಹೇಳು. ಜೋರಾಗೇ ಹೇಳು, ಇನ್ನು ಯಾರಿಗೆ ಮುಚ್ಚಿಡೋದು."

ಅವಳು ಎದ್ದು ನಿಂತಳು. ಒಮ್ಮೆ ಕೆಮ್ಮಿದಳು.

"ಮೆಟ್ಟಿಲು ಹತ್ತಿದಳು," ಅಂದಳು. "ಮೇಲೆ ಏನು ನೋಡಿದ್ಲು ಅಂತ ತೋರಿಸಲ್ಲ. ಆಮೇಲೆ ದೋಣಿಕಟ್ಟೆ. ಅಲ್ಲಿ ಯಾರೂ ಇಲ್ಲ."

ಸಿ ತಿಜಾನಿ ಮೈಕು ಕೆಳಗಿಟ್ಟು, ಕುರ್ಚಿಯ ಬೆನ್ನು ತಡಕಿ ಹಿಡಿದು, ಎಲ್ಲರೆದುರೇ ತಡಕಿಕೊಂಡು ಕೂತರು. ಮುಖವನ್ನು ಅವಳ ದನಿ ಬಂದ ಕಡೆಗೆ ತಿರುಗಿಸಿದರು.

"ಹೂಂ," ಅಂದರು. "ಆಮೇಲೆ?"